ಸರಾಸರಿಯಲ್ಲಿ ಅಡಗಿದ್ದ ಅಲೆಗಳು

ಆಕಾಶದ ಎಲ್ಲ ನಕ್ಷತ್ರಗಳ ಬೆಳಕನ್ನು ಕೂಡಿಸಿದರೆ ಒಟ್ಟು ಎಷ್ಟಾದೀತು? ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಖಗೋಳ ವಿಜ್ಞಾನಿಗಳು ಈ ಲೆಕ್ಕಕ್ಕೆ ಕೈಹಾಕಿದ್ದರು. ಬರಿಗಣ್ಣಿಗೆ ಕಾಣುವ ಕೆಲವು ಸಾವಿರ ಚುಕ್ಕಿಗಳನ್ನು ಒಂದೊಂದಾಗಿ ಅಳೆಯಬಹುದು. ತೊಡಕಿದ್ದದ್ದು ಕಣ್ಣಿಗೆ ಬೀಳದ ಕೋಟ್ಯಂತರ ಚುಕ್ಕಿಗಳದ್ದು. ಅವು ಬಿಡಿಯಾಗಿ ಕಾಣದಿದ್ದರೂ ಒಟ್ಟಾಗಿ ಇರುಳಿನ ಹಿನ್ನೆಲೆಗೆ ಒಂದಿಷ್ಟು ಬೆಳಕು ಕೊಡಲೇಬೇಕು. ಆ ಹಿನ್ನೆಲೆಯನ್ನು ಅಳೆದರೆ ನಕ್ಷತ್ರಗಳ ಒಟ್ಟು ಸಂಖ್ಯೆಯ ಅಂದಾಜೂ ಸಿಗುತ್ತದೆ ಎಂಬುದು ಅವರ ತರ್ಕ. ಅಮೆರಿಕದ ಸೈಮನ್ ನ್ಯೂಕಂಬ್ 1901ರಲ್ಲಿ ಈ ಪ್ರಯತ್ನ ಮಾಡಿದರು. ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಯಂಟೆಮಾ ಎಂಬ ಸಂಶೋಧಕರು ಅದನ್ನೇ ಇನ್ನಷ್ಟು ಶ್ರದ್ಧೆಯಿಂದ ಮಾಡಿ 1909ರಲ್ಲಿ ಫಲಿತಾಂಶ ಪ್ರಕಟಿಸಿದರು.

ಲೆಕ್ಕ ಕೂಡಿಬರಲಿಲ್ಲ. ನಕ್ಷತ್ರಗಳಿಂದ ಬರಬೇಕಾದುದಕ್ಕಿಂತ ಹೆಚ್ಚು ಬೆಳಕು ಆಕಾಶದಲ್ಲಿತ್ತು. ಆ ಹೆಚ್ಚುವರಿ ಬೆಳಕು ಒಂದು ರಾತ್ರಿ ಇದ್ದಷ್ಟು ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ನೆತ್ತಿಯ ಮೇಲೆ ಕಡಿಮೆ, ದಿಗಂತದ ಕಡೆಗೆ ಇಳಿದಂತೆ ಹೆಚ್ಚು. ನಕ್ಷತ್ರಗಳಿಗೆ ಇಂಥ ಸ್ವಭಾವವಿಲ್ಲ. ಹಾಗಾದರೆ ಬೆಳಕು ಬರುತ್ತಿರುವುದು ಆಚೆಯಿಂದಲ್ಲ, ನಮ್ಮ ಭೂಮಿಯ ಗಾಳಿಯಿಂದಲೇ ಎಂದು ಯಂಟೆಮಾ ತೀರ್ಮಾನಿಸಿದರು. ಖಗೋಳ ವಿಜ್ಞಾನಿಗಳ ಮಟ್ಟಿಗೆ ಇದು ಕಳೆಯಬೇಕಾದ ಕಸ. ನಕ್ಷತ್ರದ ಬೆಳಕು ಬೇಕಾದವರು ಈ ಬೆಳಕಿನ ಸರಾಸರಿ ಮೌಲ್ಯ ಕಂಡುಕೊಂಡು, ಅದನ್ನು ಕಳೆದು, ಮುಂದೆ ಹೋದರು.

ಆ ಸರಾಸರಿಯ ಹಿಂದೆ ಇದ್ದದ್ದನ್ನು ನೋಡಲು ಮುಂದಿನ ಅರವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ನೆಲದ ಮೇಲಿನ ಗುಡುಗು ಮಳೆ, ಪರ್ವತ, ಚಂಡಮಾರುತಗಳು ಸುಮಾರು 90 ಕಿಲೋಮೀಟರ್ ಎತ್ತರದ ಗಾಳಿಯನ್ನು ಅಲುಗಾಡಿಸುತ್ತವೆ ಎಂಬ ಸುದ್ದಿ ಆ ಮಂದ ಬೆಳಕಿನಲ್ಲಿ ಪ್ರತಿ ರಾತ್ರಿ ಬರೆದುಕೊಳ್ಳುತ್ತಿತ್ತು. ಅಳೆಯುವವರು ಬೇಕಾದಷ್ಟಿದ್ದರು, ಅದನ್ನೊಂದು ಚಿತ್ರವಾಗಿ ನೋಡುವವರು ಇರಲಿಲ್ಲ.

ಹಸಿರು ಗೆರೆಯ ಒಡೆಯ ಯಾರು?

ಈ ಬೆಳಕಿನ ಮೊದಲ ಗುರುತು ಯಂಟೆಮಾಗಿಂತ ಹಳೆಯದು. 1868ರಲ್ಲಿ ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಾಮ್ ಧ್ರುವಪ್ರಭೆಯ ರೋಹಿತದಲ್ಲಿ ಒಂದು ಪ್ರಖರ ಹಸಿರು ಗೆರೆಯನ್ನು ಗುರುತಿಸಿದ್ದರು. ಧ್ರುವಪ್ರಭೆಯ ಸುಳಿವೇ ಇಲ್ಲದ ಒಂದು ನಕ್ಷತ್ರಖಚಿತ ರಾತ್ರಿ ರೋಹಿತದರ್ಶಕವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಅದೇ ಗೆರೆ ಮಸುಕಾಗಿ ಕಾಣುತ್ತಿತ್ತು. 557.7 ನ್ಯಾನೋಮೀಟರ್ ತರಂಗಾಂತರದ ಆ ಗೆರೆ ಯಾವ ಧಾತುವಿನದು ಎಂಬ ಪ್ರಶ್ನೆ ಐವತ್ತೇಳು ವರ್ಷ ಹಾಗೇ ಉಳಿಯಿತು. ಪ್ರಯೋಗಾಲಯದಲ್ಲಿ ಯಾವ ಅನಿಲವನ್ನು ಉರಿಸಿದರೂ ಅದು ಹೊರಡುತ್ತಿರಲಿಲ್ಲ. ನಾರ್ವೆಯ ಲಾರ್ಸ್ ವೇಗಾರ್ಡ್, ಮೇಲೆ ಹೆಪ್ಪುಗಟ್ಟಿದ ಸಾರಜನಕದ ಕಣಗಳಿವೆ, ಗೆರೆ ಅವುಗಳದು ಎಂದು ವಾದಿಸಿದರು. 1925ರಲ್ಲಿ ಕೆನಡಾದ ಟೊರೊಂಟೊದಲ್ಲಿ ಮೆಕ್‌ಲೆನನ್ ಮತ್ತು ಶ್ರಮ್ ಅದನ್ನು ಪ್ರಯೋಗಾಲಯದಲ್ಲೇ ಹುಟ್ಟಿಸಿ ತೋರಿಸಿದರು. ಗೆರೆ ಆಮ್ಲಜನಕದ ಒಂಟಿ ಪರಮಾಣುವಿನದು.

ಇಷ್ಟು ತಡವಾದದ್ದಕ್ಕೆ ಕಾರಣವಿದೆ. ಶಕ್ತಿ ತುಂಬಿಕೊಂಡ ಪರಮಾಣುಗಳು ಸಾಮಾನ್ಯವಾಗಿ ಕ್ಷಣಾರ್ಧದೊಳಗೆ ಅದನ್ನು ಬೆಳಕಾಗಿ ಬಿಟ್ಟುಬಿಡುತ್ತವೆ. ಈ ಹಸಿರು ಬೆಳಕನ್ನು ಬಿಡಲು ಆಮ್ಲಜನಕಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ನೆಲಮಟ್ಟದ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಆ ಪರಮಾಣುವಿಗೆ ಕೋಟಿಗಟ್ಟಲೆ ಡಿಕ್ಕಿಗಳಾಗಿ, ಬೆಳಕಾಗಬೇಕಾದ ಶಕ್ತಿ ಬರಿದೇ ಕರಗುತ್ತದೆ. ಗಾಳಿ ಲಕ್ಷಪಾಲು ತೆಳ್ಳಗಿರುವ ಎತ್ತರದಲ್ಲಿ ಮಾತ್ರ ಪರಮಾಣುವಿಗೆ ಒಂದು ಸೆಕೆಂಡಿನ ಬಿಡುವು ಸಿಗುತ್ತದೆ.

ಸೂರ್ಯನೇ ಇಲ್ಲದ ರಾತ್ರಿಯಲ್ಲಿ ಶಕ್ತಿ ಎಲ್ಲಿಂದ? ಇದಕ್ಕೆ 1931ರಲ್ಲಿ ಸಿಡ್ನಿ ಚಾಪ್‌ಮನ್ ಉತ್ತರ ಕೊಟ್ಟರು. ಹಗಲಿನಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಆಮ್ಲಜನಕದ ಅಣುಗಳನ್ನು ಒಡೆಯುತ್ತವೆ. ಒಡೆದ ಪರಮಾಣುಗಳು ಮತ್ತೆ ಜೊತೆಗೂಡುವ ಕೆಲಸ ಇರುಳೆಲ್ಲ ನಿಧಾನವಾಗಿ ನಡೆಯುತ್ತದೆ, ಆ ಕೂಡುವಿಕೆಯಲ್ಲಿ ಬಿಡುಗಡೆಯಾದ ಶಕ್ತಿಯೇ ಬೆಳಕು. ಹಗಲು ಕೂಡಿಟ್ಟ ಬಿಸಿಲನ್ನು ಗಾಳಿ ರಾತ್ರಿ ಖರ್ಚು ಮಾಡುತ್ತದೆ ಎಂದಾಯಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ನಾಲ್ಕನೆಯ ಲಾರ್ಡ್ ರ್‍ಯಾಲೆ ಈ ಬೆಳಕನ್ನು ವರ್ಷಗಟ್ಟಲೆ ಅಳೆದರು. ತಂದೆ ಹಗಲಿನ ಆಕಾಶ ನೀಲಿಯಾಗಿರುವುದು ಏಕೆಂದು ವಿವರಿಸಿ ಹೆಸರಾದವರು, ಮಗ ಇರುಳಿನ ಆಕಾಶದ ಬೆನ್ನುಹತ್ತಿದರು. ಮುಂದೆ 1956ರಲ್ಲಿ ಈ ಬೆಳಕಿನ ಅಳತೆಯ ಮಾನಕ್ಕೆ ಮಗನ ನೆನಪಿನಲ್ಲೇ ರ್‍ಯಾಲೆ ಎಂದು ಹೆಸರಿಟ್ಟರು. ಕೊಲ್ಕತ್ತದ ಶಿಶಿರ್ ಕುಮಾರ್ ಮಿತ್ರ 1947ರಲ್ಲಿ ಪ್ರಕಟಿಸಿದ ‘ದಿ ಅಪ್ಪರ್ ಅಟ್ಮಾಸ್ಫಿಯರ್’ ಎಂಬ ಬೃಹತ್ ಗ್ರಂಥ ಆವರೆಗೆ ಗೊತ್ತಿದ್ದುದನ್ನೆಲ್ಲ ಒಂದೆಡೆ ತಂದು ಜಗತ್ತಿನ ಹಲವು ಪ್ರಯೋಗಾಲಯಗಳ ಕೈಪಿಡಿಯಾಯಿತು. ‘ಏರ್‌ಗ್ಲೋ’ ಎಂಬ ಹೆಸರು ಬಳಕೆಗೆ ಬಂದದ್ದು 1950ರಲ್ಲಿ.

ಅದೇ 1950ರಲ್ಲಿ ಅಮೆರಿಕದ ಯರ್ಕೀಸ್ ವೀಕ್ಷಣಾಲಯದ ಏಡನ್ ಮೈನಲ್ ಇನ್ನೊಂದು ಸಂಗತಿ ಹೊರಗೆಡವಿದರು. ಹಸಿರು ಗೆರೆ ಏರ್‌ಗ್ಲೋದ ಒಂದು ಸಣ್ಣ ಪಾಲು ಮಾತ್ರ. ಅದಕ್ಕಿಂತ ಹಲವು ಪಟ್ಟು ಹೆಚ್ಚು ಬೆಳಕು ಕಣ್ಣಿಗೆ ಕಾಣದ ಅವಕೆಂಪು ಭಾಗದಲ್ಲಿದೆ. ಅದನ್ನು ಸೂಸುವುದು ಹೈಡ್ರಾಕ್ಸಿಲ್, ಅಂದರೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕ ಸೇರಿದ ಅಣು. ಜಲಜನಕದ ಪರಮಾಣು ಓಝೋನಿಗೆ ಡಿಕ್ಕಿ ಹೊಡೆದಾಗ ಈ ಅಣು ಶಕ್ತಿ ತುಂಬಿಕೊಂಡೇ ಹುಟ್ಟುತ್ತದೆ ಎಂದು ಬೇಟ್ಸ್ ಮತ್ತು ನಿಕೊಲೆ ವಿವರಿಸಿದರು.

ಎತ್ತರದ ಜಗಳ

ಬೆಳಕು ಯಾವುದರದ್ದು ಎಂದು ತಿಳಿದರೂ ಎಲ್ಲಿಂದ ಬರುತ್ತದೆ ಎಂಬುದು ಇತ್ಯರ್ಥವಾಗಿರಲಿಲ್ಲ. ತೆಳುವಾದ ಪದರವೊಂದನ್ನು ಓರೆಯಾಗಿ ನೋಡಿದರೆ ನೋಟದ ದಾರಿಯಲ್ಲಿ ಅದರ ದಪ್ಪ ಹೆಚ್ಚು ಸಿಗುತ್ತದೆ, ಹಾಗಾಗಿ ದಿಗಂತದ ಬಳಿ ಬೆಳಕು ಹೆಚ್ಚು. ಎಷ್ಟು ಹೆಚ್ಚು ಎಂಬುದರಿಂದ ಪದರದ ಎತ್ತರ ಲೆಕ್ಕ ಹಾಕಬಹುದೆಂದು ಗ್ರೋನಿಂಗನ್‌ನವರೇ ಆದ ವಾನ್ ರೈನ್ 1921ರಲ್ಲಿ ತೋರಿಸಿದರು. ಕಾಗದದ ಮೇಲೆ ಅಚ್ಚುಕಟ್ಟಾದ ವಿಧಾನ. ಬಳಸಿದವರಿಗೆ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ಉತ್ತರ. ನೂರು ಕಿಲೋಮೀಟರ್ ಎಂದವರಿದ್ದರು, ಹಲವು ನೂರು ಎಂದವರೂ ಇದ್ದರು.

ವಿಧಾನ ಒಂದು ಊಹೆಯನ್ನು ನೆಚ್ಚಿಕೊಂಡಿತ್ತು. ಪದರ ಎಲ್ಲೆಡೆ ಒಂದೇ ಸಮ ಬೆಳಗುತ್ತದೆ ಎಂಬುದೇ ಆ ಊಹೆ. ಉತ್ತರಗಳು ಚೆಲ್ಲಾಪಿಲ್ಲಿಯಾದದ್ದಕ್ಕೆ ಒಂದು ಮುಖ್ಯ ಕಾರಣ ಆ ಊಹೆ ಸುಳ್ಳಾಗಿದ್ದದ್ದು. ಪದರದಲ್ಲಿ ಏರಿಳಿತಗಳಿದ್ದವು. ಅವು ಬೇಡದ ಅಡ್ಡಿಗಳೆಂದು ಹೆಚ್ಚು ರಾತ್ರಿಗಳ ಅಳತೆ ಸೇರಿಸಿ ಅಳಿಸಿಹಾಕುವ ಯತ್ನವೇ ನಡೆಯಿತು. 1950ರ ದಶಕದ ಮಧ್ಯದಲ್ಲಿ ಅಮೆರಿಕದ ರಾಕೆಟ್ಟುಗಳು ಬೆಳಕಿನ ಪದರವನ್ನೇ ತೂರಿಕೊಂಡು ಹೋಗಿ, ಹಸಿರು ಬೆಳಕು ನೂರು ಕಿಲೋಮೀಟರಿನ ಆಸುಪಾಸಿನದೆಂದು ತೋರಿಸಿದ ಮೇಲೆ ಜಗಳ ನಿಂತಿತು. 1962ರ ಮೇ ತಿಂಗಳಲ್ಲಿ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಭೂಮಿ ಸುತ್ತುತ್ತ ದಿಗಂತದ ಮೇಲಿನ ಆ ಬೆಳಕಿನ ಪಟ್ಟಿಯನ್ನು ಹಸಿರು ಗೆರೆಗೆಂದೇ ಮಾಡಿದ ಫಿಲ್ಟರಿನಲ್ಲಿ ನೋಡಿದರು.

ಈಗ ನಮಗೆ ಗೊತ್ತಿರುವ ಲೆಕ್ಕ ಇಷ್ಟು: ಹೈಡ್ರಾಕ್ಸಿಲ್ ಪದರ ಸುಮಾರು 87 ಕಿಲೋಮೀಟರ್ ಎತ್ತರದಲ್ಲಿ, ಸೋಡಿಯಂನ ಹಳದಿ ಬೆಳಕು 90ರ ಹತ್ತಿರ, ಹಸಿರು ಬೆಳಕು 96ರ ಹತ್ತಿರ, ಆಮ್ಲಜನಕದ್ದೇ ಆದ ಕೆಂಪು ಬೆಳಕು ಮಾತ್ರ ತೀರ ಮೇಲೆ, 250 ಕಿಲೋಮೀಟರಿನ ಆಸುಪಾಸು. ಕೆಳಗಿನ ಮೂರೂ ಪದರಗಳ ದಪ್ಪ ಹತ್ತು ಕಿಲೋಮೀಟರಿನ ಸುತ್ತಮುತ್ತ. ವಿಮಾನ, ಬಲೂನು ಅಷ್ಟು ಎತ್ತರ ಹೋಗಲಾರವು, ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು. ಅಲ್ಲಿನ ಗಾಳಿಯ ಸುದ್ದಿ ತರುವ ಸಾಧನಗಳು ಬೆರಳೆಣಿಕೆಯಷ್ಟು, ಏರ್‌ಗ್ಲೋ ಅವುಗಳಲ್ಲೊಂದು.

ಹೈನ್ಸ್ ಎತ್ತಿದ ವಾದ

ಅಲೆಗಳ ಕತೆ ಶುರುವಾದದ್ದು ಬೇರೆ ಕಡೆಯಿಂದ. ಉಲ್ಕೆಗಳು ಉರಿದುಹೋಗುವಾಗ ಬಿಟ್ಟ ಜಾಡನ್ನು 1950ರ ದಶಕದಲ್ಲಿ ಕ್ಯಾಮೆರಾ ಮತ್ತು ರೇಡಾರ್‌ಗಳಲ್ಲಿ ಗಮನಿಸುತ್ತಿದ್ದರು. ನೇರ ಗೆರೆಯಂತೆ ಮೂಡಿದ ಜಾಡು ಕೆಲವೇ ಕ್ಷಣಗಳಲ್ಲಿ ಅಂಕುಡೊಂಕಾಗುತ್ತಿತ್ತು. ಒಂದು ಎತ್ತರದಲ್ಲಿ ಗಾಳಿ ಪೂರ್ವಕ್ಕೆ, ಕೆಲವೇ ಕಿಲೋಮೀಟರ್ ಮೇಲೆ ಪಶ್ಚಿಮಕ್ಕೆ. ಇತ್ತ ಅಯಾನುಗೋಳವನ್ನು ರೇಡಿಯೋದಲ್ಲಿ ಶೋಧಿಸುತ್ತಿದ್ದವರಿಗೆ ನೂರಾರು ಕಿಲೋಮೀಟರ್ ಸಾಗುವ ಕದಲಿಕೆಗಳು ಕಾಣುತ್ತಿದ್ದವು. ಬಹಳ ಮಂದಿ ಇವನ್ನೆಲ್ಲ ಗಾಳಿಯ ಅಡ್ಡಾದಿಡ್ಡಿ ಪ್ರಕ್ಷುಬ್ಧತೆಯ ಖಾತೆಗೆ ಹಾಕಿ ಸುಮ್ಮನಾಗಿದ್ದರು.

1960ರಲ್ಲಿ ಕೆನಡಾದ ಕಾಲಿನ್ ಹೈನ್ಸ್ ಒಂದು ದೀರ್ಘ ಪ್ರಬಂಧ ಪ್ರಕಟಿಸಿ, ಇದು ಗೊಂದಲವಲ್ಲ, ಗಣಿತಕ್ಕೆ ದಕ್ಕುವ ಅಲೆ ಎಂದರು. ತುಂಬಿದ ಬಾವಿಯಲ್ಲಿ ಖಾಲಿ ಬಿಂದಿಗೆಯನ್ನು ಒತ್ತಿ ಬಿಟ್ಟರೆ ಅದು ಮೇಲೆ ಪುಟಿದು, ಮತ್ತೆ ಕುಸಿದು, ಕೆಲಹೊತ್ತು ಕುಣಿಯುತ್ತದಲ್ಲ, ಗಾಳಿಯ ಒಂದು ಮುದ್ದೆಯೂ ಹಾಗೇ. ಗುಡ್ಡ ದಾಟುವ ಗಾಳಿ ಮೇಲಕ್ಕೆ ನೂಕಿಸಿಕೊಂಡರೆ, ಗುಡುಗು ಮೋಡದ ತಲೆ ಮೇಲಿನ ಪದರಕ್ಕೆ ಗುದ್ದಿದರೆ, ಸ್ಥಾನಪಲ್ಲಟಗೊಂಡ ಗಾಳಿಯನ್ನು ಗುರುತ್ವ ಕೆಳಗೆಳೆಯುತ್ತದೆ, ತೇಲುವ ಬಲ ಮೇಲೆತ್ತುತ್ತದೆ. ಈ ತೂಗಾಟ ಅಲೆಯಾಗಿ ಓರೆಯಾಗಿ ಮೇಲೇರುತ್ತದೆ. ಇದಕ್ಕೆ ಗುರುತ್ವ ಅಲೆ ಎಂದು ಹೆಸರು. ಐನ್‌ಸ್ಟೈನ್ ಊಹಿಸಿದ, ಕಪ್ಪುಕುಳಿಗಳ ಡಿಕ್ಕಿಯಲ್ಲಿ ಹುಟ್ಟುವ ತರಂಗಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹೈನ್ಸ್ ವಾದದ ಜೀವ ಇದ್ದದ್ದು ಇನ್ನೊಂದು ಮಾತಿನಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಅಲೆ ಹೊತ್ತ ಶಕ್ತಿ ಅಷ್ಟೇ ಇದ್ದು, ಅದನ್ನು ಹಂಚಿಕೊಳ್ಳುವ ಗಾಳಿ ಕಡಿಮೆಯಾದರೆ ಅಲೆ ದೊಡ್ಡದಾಗಲೇಬೇಕು. 90 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ್ದರ ದಶಲಕ್ಷದಲ್ಲಿ ಕೆಲವೇ ಪಾಲು. ದಾರಿಯಲ್ಲಿ ನಷ್ಟವಾಗದಿದ್ದರೆ ಅಲೆಯ ವೇಗ ನೂರಾರು ಪಟ್ಟು ಹಿಗ್ಗುತ್ತದೆ. ಕೆಳಗೆ ಸೆಕೆಂಡಿಗೆ ಹತ್ತು ಸೆಂಟಿಮೀಟರಿನ, ಯಾರೂ ಲೆಕ್ಕಕ್ಕಿಡದ ಕದಲಿಕೆ, ಮೇಲೆ ಸೆಕೆಂಡಿಗೆ ಹತ್ತಾರು ಮೀಟರಿನ ಅಬ್ಬರವಾಗುತ್ತದೆ. ಹೈನ್ಸ್‌ಗೆ ಒಡನೆಯೇ ಮನ್ನಣೆ ಸಿಗಲಿಲ್ಲ. ಹವಾಮಾನ ನಡೆಯುವುದು ಕೆಳಗಿನ ಹತ್ತು-ಹದಿನೈದು ಕಿಲೋಮೀಟರಿನಲ್ಲಿ, ಮೇಲಿನದು ಸೂರ್ಯನ ಸಾಮ್ರಾಜ್ಯ ಎಂಬ ಗಡಿ ಆಗ ಗಟ್ಟಿಯಾಗಿತ್ತು.

ಅಲೆಯ ಕುರುಹು ಕಣ್ಣಿಗೆ ಬೀಳದೇ ಇರಲಿಲ್ಲ. 1885ರಿಂದ ಉತ್ತರದ ದೇಶಗಳಲ್ಲಿ ಬೇಸಿಗೆಯ ಇರುಳು ಹೊಳೆಯುವ, 82 ಕಿಲೋಮೀಟರ್ ಎತ್ತರದ ನಿಶಾಮೇಘಗಳಲ್ಲಿ ಸಾಲುಸಾಲು ಅಲೆಗಳನ್ನು ಜನ ನೋಡಿದ್ದರು. ಆದರೆ ಆ ಮೋಡಗಳು ಕೆಲವೇ ವಾರ, ಭೂಮಿಯ ಕೆಲವೇ ಭಾಗಕ್ಕೆ ಕಾಣುತ್ತವೆ. ಏರ್‌ಗ್ಲೋ ಹಾಗಲ್ಲ, ಎಲ್ಲ ರಾತ್ರಿ, ಎಲ್ಲ ಊರಿನ ಮೇಲೆ ಇದೆ. ಅಲೆ ಪದರವನ್ನು ಹಾದುಹೋಗುವಾಗ ಗಾಳಿ ಒಮ್ಮೆ ಒತ್ತಿ ಬಿಸಿಯಾಗುತ್ತದೆ, ಒಮ್ಮೆ ಹಿಗ್ಗಿ ತಣಿಯುತ್ತದೆ. ಅದಕ್ಕೆ ತಕ್ಕಂತೆ ರಾಸಾಯನಿಕ ಕ್ರಿಯೆ ಚುರುಕಾಗಿ ಅಥವಾ ನಿಧಾನವಾಗಿ ಬೆಳಕಿನಲ್ಲಿ ಪಟ್ಟೆಗಳು ಮೂಡಬೇಕು.

ಮೊದಲ ಚಿತ್ರಗಳು

ಅಂತರರಾಷ್ಟ್ರೀಯ ಭೂಭೌತ ವರ್ಷ ಎನಿಸಿದ 1957–58ರಲ್ಲಿ ಜಗತ್ತಿನ ಹಲವೆಡೆ ಏರ್‌ಗ್ಲೋ ಕೇಂದ್ರಗಳಿದ್ದವು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವೂ ಮೌಂಟ್ ಅಬುವಿನಲ್ಲಿ ಈ ಬೆಳಕಿನ ಅಳತೆಗೆ ತೊಡಗಿತ್ತು. ಆ ಕಾಲದ ಮುಖ್ಯ ಉಪಕರಣ ಫೋಟೊಮೀಟರ್. ಅದು ಆಕಾಶದ ಒಂದು ತುಣುಕನ್ನು ನೋಡಿ ಒಂದು ಅಂಕಿ ಕೊಡುತ್ತದೆ. ಆಕಾಶವನ್ನೆಲ್ಲ ಸುತ್ತಿ ಬಂದರೆ ಸಾವಿರಾರು ಕಿಲೋಮೀಟರಿನ ದೊಡ್ಡ ತೇಪೆಗಳು ತಿಳಿಯುತ್ತವೆ, ಇಪ್ಪತ್ತು-ಮೂವತ್ತು ಕಿಲೋಮೀಟರ್ ಅಂತರದ ಪಟ್ಟೆಗಳು ತಪ್ಪಿಸಿಕೊಳ್ಳುತ್ತವೆ.

ಕ್ಯಾಮೆರಾದಲ್ಲಿ ತೆಗೆಯೋಣವೆಂದರೆ ಬೆಳಕು ತೀರ ಕಡಿಮೆ, ಎಕ್ಸ್‌ಪೋಷರ್ ಹೆಚ್ಚು ಹೊತ್ತು ಬೇಕು. ಅಲೆ ಸೆಕೆಂಡಿಗೆ 40 ಮೀಟರ್ ಸಾಗುತ್ತಿದ್ದರೆ ಹತ್ತು ನಿಮಿಷದಲ್ಲಿ 24 ಕಿಲೋಮೀಟರ್ ದಾಟಿರುತ್ತದೆ. ಅಷ್ಟರಲ್ಲಿ ಬೆಳಕಿನ ಪಟ್ಟೆಯ ಜಾಗಕ್ಕೆ ಕತ್ತಲಿನ ಪಟ್ಟೆ ಬಂದು, ಫಿಲ್ಮಿನ ಮೇಲೆ ಎರಡೂ ಬೆರೆತು ಸಮತಟ್ಟಾದ ಬೂದು ಉಳಿಯುತ್ತದೆ. ಇಲ್ಲಿಯೂ ಸರಾಸರಿಯದೇ ಕಾಟ.

ಬೇಕಿದ್ದದ್ದು ಹೈಡ್ರಾಕ್ಸಿಲ್‌ನ ಹೇರಳ ಅವಕೆಂಪು ಬೆಳಕು ಮತ್ತು ಅದನ್ನು ಹಿಡಿಯಬಲ್ಲ ಫಿಲ್ಮ್. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪೀಟರ್ಸನ್ ಮತ್ತು ಲೋಯಿಸ್ ಕೀಫಾಬರ್ ಈ ಎರಡನ್ನೂ ಕೂಡಿಸಿದರು. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಛಾಯಾಚಿತ್ರಗಳಲ್ಲಿ ಹೈಡ್ರಾಕ್ಸಿಲ್ ಬೆಳಕಿನ ಪಟ್ಟೆಗಳು ಎದ್ದು ಕಂಡವು. 1977ರಲ್ಲಿ ಫ್ರಾನ್ಸಿನ ಮೊರೆಲ್ಸ್ ಮತ್ತು ಎರ್ಸೆ, 85 ಕಿಲೋಮೀಟರ್ ಮಟ್ಟದ ಅಲೆಗಳ ಛಾಯಾಚಿತ್ರ ಸಾಕ್ಷ್ಯ ಒದಗಿಸಿದರು. ಸೋವಿಯತ್ ವಿಜ್ಞಾನಿ ಕ್ರಸೋವ್‌ಸ್ಕಿ ಬೇರೊಂದು ದಾರಿಯಿಂದ, ಹೈಡ್ರಾಕ್ಸಿಲ್‌ನ ಪ್ರಖರತೆ ಮತ್ತು ತಾಪಮಾನಗಳು ಜೊತೆಜೊತೆಗೆ ಏರಿಳಿಯುವುದನ್ನು ರೋಹಿತದಲ್ಲೇ ಹಿಡಿದಿದ್ದರು.

ಪಟ್ಟೆಗಳಿವೆ, ಸರಿ, ತಂದವರಾರು? ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮೈಕಲ್ ಟೇಲರ್ ಮತ್ತು ಸಂಗಡಿಗರು ಫಿಲ್ಮ್ ಬದಿಗಿಟ್ಟು, ಮಂದ ಬೆಳಕಿಗೆಂದು ಮಾಡಿದ ಟೆಲಿವಿಷನ್ ಕ್ಯಾಮೆರಾ ಹಿಡಿದರು. 1987ರ ಅವರ ಪ್ರಬಂಧದಲ್ಲಿ ಹೈಡ್ರಾಕ್ಸಿಲ್, ಸೋಡಿಯಂ, ಆಮ್ಲಜನಕ ಈ ಮೂರೂ ಬೆಳಕುಗಳಲ್ಲಿ ಅಲೆಯ ಸಂಚಾರ ದಾಖಲಾಗಿತ್ತು. ಬೇರೆ ಬೇರೆ ಎತ್ತರದ ಮೂರು ಪದರಗಳು ಕೈಯಲ್ಲಿದ್ದರೆ ಅಲೆ ಮೇಲೇರುವುದನ್ನೇ ಹಿಂಬಾಲಿಸಬಹುದು. ಮರುವರ್ಷ ಟೇಲರ್ ಮತ್ತು ಹ್ಯಾಪ್‌ಗುಡ್, 1980ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಿಂದ ಸೆರೆಹಿಡಿದಿದ್ದ ಬಾಗಿದ ಪಟ್ಟೆಗಳನ್ನು ಅಭ್ಯಸಿಸಿ, ಅವುಗಳ ಮೂಲ ಒಂದು ಗುಡುಗು ಮಳೆ ಎಂದು ಬೆರಳಿಟ್ಟು ತೋರಿಸಿದರು. ಮೇಲಿನ ಬೆಳಕಿಗೂ ಕೆಳಗಿನ ಮಳೆಗೂ ನಂಟು ಹಚ್ಚಿದ ಆರಂಭದ ಸ್ಪಷ್ಟ ಪ್ರಕರಣಗಳಲ್ಲಿ ಇದೊಂದು.

1990ರ ದಶಕದಲ್ಲಿ ಸಿಸಿಡಿ ಸಂವೇದಕಕ್ಕೆ ಫಿಶ್‌ಐ ಮಸೂರ ಸೇರಿ, ಒಂದೇ ಚಿತ್ರದಲ್ಲಿ ಇಡೀ ಆಕಾಶ ಸಿಗತೊಡಗಿತು. ನಿಮಿಷದ ಆಸುಪಾಸಿನ ಎಕ್ಸ್‌ಪೋಷರ್ ಸಾಕಾದ್ದರಿಂದ ಅಲೆ ಮಸುಕಾಗುವ ಭಯವೂ ಹೋಯಿತು. 1993ರ ಅಕ್ಟೋಬರ್ 10ರ ರಾತ್ರಿ ಹವಾಯಿಯ ಹಾಲೆಯಾಕಲಾ ಶಿಖರದ ಮೇಲಿದ್ದ ಟೇಲರ್ ತಂಡದ ಕ್ಯಾಮೆರಾ ಒಂದು ವಿಚಿತ್ರ ದಾಖಲಿಸಿತು. ನೇರವಾದ ಅಂಚೊಂದು ಆಕಾಶದ ಉದ್ದಗಲಕ್ಕೆ ಸರಿದುಹೋಯಿತು, ಹಿಂದೆಯೇ ಅಲೆಗಳ ಸಾಲು. ಅಂಚು ದಾಟಿದ ಕಡೆ ಹೈಡ್ರಾಕ್ಸಿಲ್ ಪದರ ಬೆಳಗಿತು, ಹಸಿರು ಪದರ ಕಂದಿತು. ಡೀವನ್ ಮತ್ತು ಪಿಕಾರ್ಡ್ 1998ರಲ್ಲಿ ಇದಕ್ಕೆ ನದಿಯ ಭೌತಶಾಸ್ತ್ರದಿಂದ ವಿವರಣೆ ತಂದರು. ಹೂಗ್ಲಿಯಂಥ ನದಿಗಳಲ್ಲಿ ಸಮುದ್ರದ ಉಬ್ಬರ ಗೋಡೆಯಂತೆ ಎದ್ದು ಮೇಲ್ಮುಖವಾಗಿ ನುಗ್ಗುವ ‘ಬೋರ್’ ಉಂಟಲ್ಲ, ಅದೇ ಸಮೀಕರಣ 90 ಕಿಲೋಮೀಟರ್ ಎತ್ತರದ ಗಾಳಿಗೂ ಒಪ್ಪುತ್ತದೆ ಎಂದರು.

ಭಾರತದಲ್ಲೂ ಇಂಥ ಕ್ಯಾಮೆರಾಗಳು ಬಂದವು. ತಿರುಪತಿ ಬಳಿಯ ಗಾದಂಕಿ, ದಕ್ಷಿಣದ ತಿರುನೆಲ್ವೇಲಿ, ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ಪನ್ಹಾಳಗಡಗಳಿಂದ ಇರುಳಿನ ಚಿತ್ರಗಳು ದಾಖಲಾಗಿವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ ನಡೆಸುವ ವೀಕ್ಷಣಾಲಯದ ಆವರಣದಲ್ಲಿ ರೂರ್ಕಿ ಐಐಟಿ ತಂಡದ ಏರ್‌ಗ್ಲೋ ಕ್ಯಾಮೆರಾ ಇದೆ. ದೂರದರ್ಶಕದವರಿಗೆ ಉಪದ್ರವವಾದ ಬೆಳಕು ಅಲ್ಲಿ ಪಕ್ಕದವರಿಗೆ ಬಂಡವಾಳ.

ಮೇಲಿನಿಂದ ನೋಡಿದಾಗ

ನೆಲದ ಕ್ಯಾಮೆರಾಕ್ಕೆ ಒಂದು ತೊಡಕು ತಪ್ಪಿದ್ದಲ್ಲ. ಗುಡುಗು ಮಳೆ ಎಬ್ಬಿಸಿದ ಅಲೆ ನೋಡಬೇಕು, ಆದರೆ ಮಳೆಯ ಕೆಳಗೆ ನಿಂತವರಿಗೆ ಮೋಡವೇ ಅಡ್ಡ. ಮೇಲಿನಿಂದ ನೋಡಿದರೆ ಆ ಅಡ್ಡಿಯಿಲ್ಲ. ಆ ಅವಕಾಶ ಒದಗಿದ್ದು ಬೇರೆ ಕೆಲಸಕ್ಕೆ ಹೋದ ಉಪಗ್ರಹದಿಂದ.

2011ರ ಅಕ್ಟೋಬರ್ 28ರಂದು ಅಮೆರಿಕ ಹಾರಿಸಿದ ಸುವೋಮಿ ಎನ್‌ಪಿಪಿ ಎಂಬ ಹವಾಮಾನ ಉಪಗ್ರಹದಲ್ಲಿ, ಬೆಳದಿಂಗಳಲ್ಲಿ ಮೋಡಗಳನ್ನು ನೋಡುವ ಅತಿಸೂಕ್ಷ್ಮ ಸಂವೇದಕವೊಂದಿತ್ತು. ಯಾವುದೇ ಉಪಕರಣಕ್ಕೆ ತನ್ನ ‘ಸೊನ್ನೆ’ ಎಲ್ಲಿದೆ ಎಂದು ಗೊತ್ತಿರಬೇಕು. ಅಮಾವಾಸ್ಯೆಯ ರಾತ್ರಿ, ನಡುಸಮುದ್ರದ ಮೇಲೆ, ಊರ ದೀಪಗಳಿಲ್ಲದ ಕಡೆ ಕಂಡದ್ದನ್ನು ಪೂರ್ತಿ ಕತ್ತಲು ಎಂದು ಭಾವಿಸಿ ಅಲ್ಲಿಗೆ ಸೊನ್ನೆ ಇಟ್ಟರು. ಅದು ಪೂರ್ತಿ ಕತ್ತಲಾಗಿರಲಿಲ್ಲ. ಏರ್‌ಗ್ಲೋ ಅಲ್ಲೂ ಬೆಳಗುತ್ತಿತ್ತು, ಅದನ್ನೂ ಸೇರಿಸಿ ಕಳೆದುಬಿಡಲಾಗುತ್ತಿತ್ತು. ಉಪಗ್ರಹವನ್ನೇ ತಿರುಗಿಸಿ ಭೂಮಿಯಾಚೆಯ ಬಾಹ್ಯಾಕಾಶದತ್ತ ನೋಡಿಸಿದ ಮೇಲೆ ನಿಜವಾದ ಸೊನ್ನೆ ಸಿಕ್ಕಿತು. ನೂರು ವರ್ಷ ಕಳೆದರೂ ಗ್ರೋನಿಂಗನ್ ಕಾಲದ ವ್ಯವಕಲನ ಇನ್ನೂ ನಡೆದೇ ಇತ್ತು.

ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೀವನ್ ಮಿಲ್ಲರ್ ಮತ್ತು ಸಂಗಡಿಗರು 2012ರಲ್ಲಿ, ಚಂದ್ರನಿಲ್ಲದ ರಾತ್ರಿಯಲ್ಲೂ ಈ ಸಂವೇದಕಕ್ಕೆ ಮೋಡಗಳು ಕಾಣುತ್ತವೆ, ದೀಪ ಹಿಡಿಯುವುದು ಏರ್‌ಗ್ಲೋ ಎಂದು ತೋರಿಸಿದರು. 2015ರಲ್ಲಿ ಅವರು ಪ್ರಕಟಿಸಿದ ಚಿತ್ರಗಳಲ್ಲಿ ಬೆಳಕಿನ ಪದರದ ಅಲೆಗಳೇ ಮುಕ್ಕಾಲು ಕಿಲೋಮೀಟರಿನ ಸ್ಪಷ್ಟತೆಯಲ್ಲಿ ಮೂಡಿದ್ದವು. ಗುಡುಗು ಮಳೆಯ ಮೇಲೆ ವೃತ್ತದೊಳಗೆ ವೃತ್ತ, ಪರ್ವತಶ್ರೇಣಿಯ ಮೇಲೆ ಸಾಲು ಪಟ್ಟೆ, ಜ್ವಾಲಾಮುಖಿಯ ಸುತ್ತ ಬಳೆಗಳು. 2014ರ ಏಪ್ರಿಲ್ ಕೊನೆಯಲ್ಲಿ ಬಾಂಗ್ಲಾದೇಶದ ಮೇಲೆ ಸುರಿದ ಭಾರೀ ಗುಡುಗು ಮಳೆಯ ಅಲೆಗಳು ಉಪಗ್ರಹಕ್ಕೂ ಕಂಡವು. ಹಿಮಾಲಯದಾಚೆ ಟಿಬೆಟ್‌ನಲ್ಲಿ ನಿಂತ ಛಾಯಾಗ್ರಾಹಕರೊಬ್ಬರ ಕ್ಯಾಮೆರಾದಲ್ಲಿ ಬಣ್ಣದ ಬಳೆಗಳಾಗಿಯೂ ಮೂಡಿದವು.

2023ರ ನವೆಂಬರಿನಲ್ಲಿ ಈ ಕೆಲಸಕ್ಕೆಂದೇ ಒಂದು ಉಪಕರಣ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿತು. ಯೂಟಾ ಸ್ಟೇಟ್ ವಿಶ್ವವಿದ್ಯಾಲಯ ನಾಸಾಕ್ಕಾಗಿ ನಿರ್ಮಿಸಿದ ‘ಆ’ ಎಂಬ ಈ ಸಾಧನ ಹೈಡ್ರಾಕ್ಸಿಲ್ ಪದರವನ್ನು ಮೇಲಿನಿಂದ ನೋಡುತ್ತದೆ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ಫ್ಲೋರಿಡಾ ತೀರಕ್ಕೆ ಅಪ್ಪಳಿಸುತ್ತಿದ್ದಾಗ ಅದರಿಂದೆದ್ದ ಅಲೆಗಳನ್ನು ಇದು ದಾಖಲಿಸಿತು.

ಈ ಚಿತ್ರಗಳ ಬೆಲೆ ಅಂದಕ್ಕಷ್ಟೇ ಸೀಮಿತವಲ್ಲ. ಅಲೆ ಹಿಗ್ಗುತ್ತ ಹೋಗಿ ಒಂದು ಎತ್ತರದಲ್ಲಿ ಕಡಲಲೆಯಂತೆ ಒಡೆಯುತ್ತದೆ, ಹೊತ್ತುತಂದ ನೂಕುಬಲವನ್ನು ಅಲ್ಲಿನ ಗಾಳಿಗೆ ಬಿಟ್ಟುಕೊಡುತ್ತದೆ. ರಿಚರ್ಡ್ ಲಿಂಡ್ಜನ್ 1981ರಲ್ಲಿ, ಜೇಮ್ಸ್ ಹೋಲ್ಟನ್ ಮರುವರ್ಷ ಇದರ ಪರಿಣಾಮವನ್ನು ಲೆಕ್ಕಕ್ಕೆ ತಂದರು. ಆ ನೂಕು ಗಾಳಿಯನ್ನು ಬೇಸಿಗೆಯ ಧ್ರುವದ ಮೇಲೆ ಎತ್ತುತ್ತದೆ, ಏರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಇಡೀ ವಾಯುಮಂಡಲದಲ್ಲೇ ಅತಿ ಚಳಿಯ ಜಾಗ ಇಪ್ಪತ್ತನಾಲ್ಕು ಗಂಟೆ ಬಿಸಿಲಿರುವ ಬೇಸಿಗೆಯ ಧ್ರುವದ ಮೇಲಿದೆ, ಸುಮಾರು ಮೈನಸ್ 140 ಡಿಗ್ರಿ, ಎಂಬ ಒಗಟು ಹೀಗೆ ಬಿಡಿಸಿಕೊಂಡಿತು.

ವಾಯುಗುಣದ ಗಣಕ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೋಳುಮಾಡಿ ಪ್ರತಿ ಚೌಕಕ್ಕೆ ಒಂದು ಸರಾಸರಿ ಗಾಳಿ, ಒಂದು ಸರಾಸರಿ ತಾಪಮಾನ ಹಿಡಿಯುತ್ತವೆ. ಬಹುಪಾಲು ಮಾದರಿಗಳಲ್ಲಿ ಆ ಚೌಕದ ಅಗಲ ಹತ್ತಾರು ಕಿಲೋಮೀಟರಿನಿಂದ ನೂರು ಕಿಲೋಮೀಟರ್. ಇಪ್ಪತ್ತು ಕಿಲೋಮೀಟರಿನ ಅಲೆ ಅದರೊಳಗೆ ಇದ್ದೂ ಇಲ್ಲದಂತೆ. ಅದರ ನೂಕುಬಲವನ್ನು ಅಂದಾಜಿನ ಸೂತ್ರದಿಂದ ಹೊರಗಿನಿಂದ ಸೇರಿಸಬೇಕಾಗುತ್ತದೆ. ಎಲ್ಲಿ, ಯಾವ ಋತುವಿನಲ್ಲಿ, ಎಷ್ಟು ಅಲೆ ಏರುತ್ತದೆ ಎಂದು ಏರ್‌ಗ್ಲೋ ಚಿತ್ರಗಳಲ್ಲಿ ಎಣಿಸಿದಷ್ಟೂ ಆ ಅಂದಾಜು ನಿಜಕ್ಕೆ ಹತ್ತಿರವಾಗುತ್ತದೆ. ನಕ್ಷತ್ರಗಳನ್ನು ಎಣಿಸಲೆಂದು ಕಳೆದುಹಾಕಿದ ಬೆಳಕನ್ನು ಈಗ ಲೆಕ್ಕದೊಳಕ್ಕೆ ಮರಳಿ ಕೂಡಿಸುವ ಕೆಲಸ ನಡೆದಿದೆ.